ಕಾಣದಾದ ಹಿರಿಯರನ್ನು ಅರಸುತ್ತ

(ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ದೇವಾಲಯವೊಂದು ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿಸಿದವರನ್ನೂ ಅಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಸ್ಮರಿಸುವುದು ಸಹಜವಾದುದು, ಉಚಿತವಾದುದು. ಆ ಕಾರ್ಯವನ್ನು ಇತರ ಭಾಷಣಕಾರರು ನೆರವೇರಿಸಿದ್ದಾರೆ. ಯಾವ ಕಲ್ಲಿನ ಮೇಲೂ ಹೆಸರು ಕೆತ್ತಿಸಿಕೊಳ್ಳದ, ನಮ್ಮ ಗೋರಿಸ್ಥಾನದಲ್ಲಿ ಮೂರು ಮೊಳ ನೆಲವನ್ನೂ ಪಡೆಯದ ಮತ್ತೊಂದು ಗುಂಪಿನ ಹಿರಿಯರನ್ನು ಈ ಹೊತ್ತು ನಿಮ್ಮ ನೆನಪಿಗೆ ತರಬೇಕೆಂದು ನಾವು ಬಯಸುತ್ತೇವೆ. ಮನೆಯಿಂದ ಹೊರಟು ಮರಳಿ ಬಾರದವರು ಅವರು. ದೇಶಾಂತರ ಹೋದರೋ, ಸಮುದ್ರದ ಪಾಲಾದರೋ ಯಾರಿಗೂ ತಿಳಿಯದು. ಇಂಥವರೊಬ್ಬರು ಇಲ್ಲದ ಮನೆತನ ಈ ಸಭೆಯಲ್ಲಿ ವಿರಳವೆಂದೇ ನಮ್ಮ ಭಾವನೆ.

ನಮ್ಮ ಮನೆಯ ಸಂಗತಿಯಿಂದಲೇ ಪ್ರಾರಂಭಿಸುತ್ತೇವೆ. ನಮ್ಮ ಮುತ್ತಜ್ಜ ರೇಲ್ವೆ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಅಡಿಗೆಯವರಾಗಿದ್ದರು. ಗೋವೆಯ ಗೆಳೆಯರ ಜೊತೆ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗಿನ ಅಡಿಗೆಮನೆಯಲ್ಲಿ ಕೆಲಸ ಹಿಡಿದರು. 1916ರಲ್ಲಿ ಒಂದು ಮನಿಆರ್ಡರು ಬಂದಿತು. ಅದೇ ಕಡೆಯದು. ಆಗ ಮೊದಲ ಮಹಾಯುದ್ಧ ನಡೆದಿತ್ತು. ಮುಂದೆ ಪತ್ರವೂ ಇಲ್ಲ, ಹಣವೂ ಇಲ್ಲ, ಸುದ್ದಿಯೂ ಇಲ್ಲ. ಕೆಲವು ವರ್ಷಗಳಾದ ಮೇಲೆ, ಅವರು ಆಫ್ರಿಕೆಯ ಮೊಂಬಾಸಾದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾರೆಂಬ ಮಾತು ಎಲ್ಲಿಂದಲೋ ಹುಟ್ಟಿ ಓಣಿಯ ತುಂಬ ಹರಡಿತು. ಮುತ್ತಜ್ಜಿ ಆ ಮಾತಿಗೆ ಎಂದೂ ಉತ್ತರ ಕೊಡಲಿಲ್ಲ. ತಾಳಿ ತೆಗೆಯಲಿಲ್ಲ, ಬಳೆ ಒಡೆಯಲಿಲ್ಲ. ಸಕಲ ಮೃತರ ದಿನ ಮಕ್ಕಳು ಅಪ್ಪನ ಹೆಸರಿನಲ್ಲಿ ಒಂದು ಮೇಣಬತ್ತಿ ಹಚ್ಚಲು ಹೋದರೆ ತಡೆಯುತ್ತಿದ್ದರು. “ಸತ್ತಾರಂತ ಯಾರು ಕಂಡಾರ? ಇದ್ದಾರಂತ ಯಾರು ಹೇಳ್ಯಾರ? ಪತ್ತಾ ಇಲ್ಲದವರಿಗೆ ಮೇಣಬತ್ತಿ ಹಚ್ಚಬ್ಯಾಡ್ರಿ” ಎನ್ನುತ್ತಿದ್ದರಂತೆ. ಹೀಗೆ ಮೂವತ್ತಾರು ವರ್ಷ ಮುತ್ತೈದೆಯೂ ಅಲ್ಲದೆ ವಿಧವೆಯೂ ಅಲ್ಲದೆ ಬಾಳಿ ಅವರು ಕಣ್ಣುಮುಚ್ಚಿದರು. ಜೀವಂತರ ಪ್ರಾರ್ಥನೆಯಲ್ಲಿಯೂ ಮೃತರ ಪ್ರಾರ್ಥನೆಯಲ್ಲಿಯೂ ಮುತ್ತಜ್ಜನ ಹೆಸರು ಸೇರದೆ ಉಳಿಯಿತು.

ಆ ಹೆಸರನ್ನು ಹುಡುಕಲು ಹೊರಟ ನಾವು ಕಲಿತ ಪಾಠಗಳನ್ನು ನಿಮ್ಮ ಮುಂದಿಡುವುದೇ ಈ ಉಪನ್ಯಾಸದ ಉದ್ದೇಶ.

ಸಮುದ್ರದಿಂದ ಇಷ್ಟು ದೂರದ ಎರೆಭೂಮಿಯವರಿಗೆ ಹಡಗಿನ ನಂಟು ಎಲ್ಲಿಯದು ಎಂದು ಕೆಲವರು ಕೇಳಬಹುದು. ನಮ್ಮ ಹೊಲದ ಹತ್ತಿಗೆ ಹೊರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರಿದ್ದುದನ್ನು ಅವರು ನೆನೆಯಲಿ. ಬೆಳೆದದ್ದು ಧಾರವಾಡ ಸೀಮೆಯಲ್ಲಿ, ಹೆಸರು ಮಾತ್ರ ಹಡಗಿಗೇರಿದ ಬಂದರಿನದು. ರೇಲ್ವೆ ಬರುವ ಮೊದಲು ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಚಕ್ಕಡಿಗಳು ಘಟ್ಟವಿಳಿದು ಕುಮಟೆಗೆ ಹೋಗುತ್ತಿದ್ದವು. ಚಕ್ಕಡಿಯೊಡನೆ ಹೋದ ಆಳುಗಳಿಗೆ ಮುಂಬಯಿಯ ದಾರಿ ಅಲ್ಲಿಯೇ ತೆರೆದಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆ ಗದಗನ್ನು ಮುಟ್ಟಿತು. ಅದೇ ದಶಕದಲ್ಲಿ ಮರ್ಮಗೋವೆಯ ಬಂದರಿನಿಂದ ಘಟ್ಟ ಹತ್ತಿ ಬಂದ ಹಳಿಯೂ ಸಿದ್ಧವಾಯಿತು. ಅಂದಿನಿಂದ ಗದಗ ನಿಲ್ದಾಣದಲ್ಲಿ ಗಾಡಿ ಹತ್ತಿದವನಿಗೆ ಸಮುದ್ರ ದೂರದ ಮಾತಾಗಿ ಉಳಿಯಲಿಲ್ಲ. ಗೋವೆಯಿಂದಲೂ ತಮಿಳು, ತೆಲುಗು ಸೀಮೆಗಳಿಂದಲೂ ಕಥೋಲಿಕ ಕುಟುಂಬಗಳನ್ನು ರೇಲ್ವೆಯ ಊರುಗಳಿಗೆ ಕರೆತಂದ ಹಳಿಯೇ ಆ ಮನೆಗಳ ಹುಡುಗರನ್ನು ಬಂದರಿಗೂ ಒಯ್ದಿತು.

ಆದರೂ ಒಂದು ಎಚ್ಚರಿಕೆಯ ಮಾತನ್ನು ಮೊದಲೇ ಹೇಳಬೇಕು. ಕಾಣದಾದವರೆಲ್ಲ ಹಡಗು ಹತ್ತಿದವರಲ್ಲ. 1876ರಿಂದ 1878ರ ವರೆಗೆ, ಧಾತು-ಈಶ್ವರ ಸಂವತ್ಸರಗಳಲ್ಲಿ, ಘೋರವಾದ ಬರ ಬಿದ್ದಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷಕ್ಕಿಂತ ಹೆಚ್ಚು ಇಳಿಯಿತು. 1898ರಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಪ್ಲೇಗು ಹಾವಳಿ ಮಾಡಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ದಾರಿಯಲ್ಲಿ ಬಿದ್ದು ಸತ್ತವರ ಹೆಸರನ್ನು ಆ ದಿನಗಳಲ್ಲಿ ಬರೆದಿಡುವವರು ಯಾರು? “ದೇಶಾಂತರ ಹೋದ” ಎಂಬ ಮನೆಯವರ ಮಾತಿನ ಹಿಂದೆ ಎಷ್ಟೋ ಸಲ ಇಂಥ ಸಾವು ಅಡಗಿರುತ್ತದೆ. ಮತ್ತೆ ಕೆಲವರು ಬಹು ದೂರ ಹೋದವರೇ ಅಲ್ಲ; ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಗೋ ಕೋಲಾರದ ಚಿನ್ನದ ಗಣಿಗೋ ಹೋಗಿ ಅಲ್ಲಿಯೇ ನೆಲೆ ನಿಂತವರು. ಆದಕಾರಣ ಹುಡುಕುವವರು ಹತ್ತಿರದಿಂದ ಆರಂಭಿಸಿ ದೂರಕ್ಕೆ ಹೋಗಬೇಕು. ನಾವು ಇದನ್ನು ತಿಳಿಯದೆ ಮೊದಲು ಆಫ್ರಿಕೆಗೆ ಪತ್ರ ಬರೆದು ಒಂದು ವರ್ಷ ಕಳೆದೆವು.

ಹತ್ತಿರದ ದಾಖಲೆಯೆಂದರೆ ಧರ್ಮಕೇಂದ್ರದ ಪುಸ್ತಕ. 1563ರಲ್ಲಿ ತ್ರೆಂತ್ ಮಹಾಸಭೆಯು ಮದುವೆಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. ಜ್ಞಾನಸ್ನಾನದ ಪುಸ್ತಕವೂ ಮರಣದ ಪುಸ್ತಕವೂ ಅದರ ಜೊತೆಗೆ ಬೆಳೆದು ಬಂದವು. ಹೊಲವಿಲ್ಲದ, ಅಕ್ಷರ ಬಾರದ ಬಡವನ ಹೆಸರು ಸರಕಾರದ ದಫ್ತರದಲ್ಲಿ ಇಲ್ಲದಿದ್ದರೂ ಇಲ್ಲಿ ಇರುತ್ತದೆ. ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ ಎಲ್ಲರ ಹೆಸರೂ ಒಂದೇ ಸಾಲಿನಲ್ಲಿ ಸಿಗುತ್ತವೆ. ನಮ್ಮ ದೇವಾಲಯಕ್ಕಿಂತ ಹಿಂದಿನ ಹೆಸರುಗಳಿಗಾಗಿ ನಮ್ಮ ಹಿರಿಯರು ಯಾವ ಊರಿನಿಂದ ಬಂದರೋ ಆ ಊರಿನ ಪುಸ್ತಕವನ್ನು ನೋಡಬೇಕಾಗುತ್ತದೆ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದಕ್ಕಿಂತ ಮೊದಲಿನ ಪತ್ರವ್ಯವಹಾರವನ್ನು ಪುಣೆಯಲ್ಲಿಯೂ ಗೋವೆಯಲ್ಲಿಯೂ ಅರಸಬೇಕು.

ಪುಸ್ತಕ ಸಿಕ್ಕಿತೆಂದು ಹೆಸರು ಸಿಕ್ಕಂತಾಗುವುದಿಲ್ಲ. ಮನೆಯಲ್ಲಿ ರಾಯಪ್ಪನೆಂದು ಕರೆಸಿಕೊಂಡವನು ಲತೀನ ಪುಸ್ತಕದಲ್ಲಿ ‘ಪೆತ್ರುಸ್’, ಗೋವೆಯ ಪುಸ್ತಕದಲ್ಲಿ ‘ಪೆದ್ರು’. ಚಿನ್ನಪ್ಪನು ‘ಪೌಲುಸ್’. ಯಾಗಪ್ಪನು ‘ಯಾಕೋಬುಸ್’. ಇನ್ನಾಸಪ್ಪನು ‘ಇಗ್ನಾಸಿಯುಸ್’. ಶೌರಿಯು ‘ಕ್ಸಾವೇರಿಯುಸ್’. ಒಬ್ಬನೇ ಮನುಷ್ಯ ಮೂರು ಪುಸ್ತಕಗಳಲ್ಲಿ ಮೂವರಾಗಿ ಕಾಣುತ್ತಾನೆ. ಅಡ್ಡಹೆಸರಂತೂ ಊರಿನದೋ, ಉದ್ಯೋಗದ್ದೋ, ತಂದೆಯದೋ ಆಗಿ ಬದಲಾಗುತ್ತ ಹೋಗುತ್ತದೆ. ಹೆಸರೊಂದನ್ನೇ ನಂಬದೆ ತಂದೆತಾಯಿಗಳ ಹೆಸರು, ಹುಟ್ಟಿದ ವರ್ಷ, ಜ್ಞಾನಪಿತರ ಹೆಸರು ಈ ಮೂರೂ ಕೂಡಿ ಬರುತ್ತವೆಯೋ ಎಂದು ಹೋಲಿಸಿ ನೋಡಬೇಕು.

ಇನ್ನು ಬಹು ಮುಖ್ಯವಾದ ಒಂದು ಸಂಗತಿ. ಜ್ಞಾನಸ್ನಾನದ ಪುಸ್ತಕದಲ್ಲಿ ಸಾಲನ್ನು ಮಾತ್ರ ಓದಿ ಮುಚ್ಚಬಾರದು, ಅಂಚನ್ನೂ ಓದಬೇಕು. 1907ರಲ್ಲಿ ಹೊರಟು 1908ರ ಪಾಸ್ಖ ಹಬ್ಬದಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆಜ್ಞೆಯ ಪ್ರಕಾರ, ಒಬ್ಬ ಕಥೋಲಿಕನ ಮದುವೆ ಎಲ್ಲಿಯೇ ನಡೆದರೂ ಅಲ್ಲಿನ ಗುರುಗಳು ಅವನು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಇಲ್ಲಿನ ಗುರುಗಳು ಅದನ್ನು ಅವನ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿ ಬರೆಯಬೇಕು. ಈ ನಿಯಮ ಇಂದಿಗೂ ನಡೆದಿದೆ. ನೈರೋಬಿಯಲ್ಲಿಯೋ ರಂಗೂನಿನಲ್ಲಿಯೋ ಮದುವೆಯಾದವನು ತಾಯಿಗೆ ಪತ್ರ ಬರೆಯದೆ ಹೋಗಿರಬಹುದು. ಆದರೆ ಅಲ್ಲಿನ ಗುರುಗಳ ಪತ್ರ ಅವನ ಊರಿನ ದೇವಾಲಯಕ್ಕೆ ಬಂದಿರಬಹುದು. ಮನೆಯವರು ಕಣ್ಣೀರು ಹಾಕುತ್ತಿದ್ದ ಕಾಲದಲ್ಲಿಯೇ ಉತ್ತರವು ಕೆಲವೇ ಮಾರು ದೂರದ ಕಪಾಟಿನಲ್ಲಿ ಇದ್ದಿರಬಹುದು. ದೇಶ ಬಿಟ್ಟವರನ್ನು ಹುಡುಕಲು ಕಥೋಲಿಕರಾದ ನಮ್ಮ ಕೈಯಲ್ಲಿರುವ ಸಾಧನಗಳಲ್ಲಿ ಇದಕ್ಕಿಂತ ಸಮೀಪದ್ದು ಮತ್ತೊಂದಿಲ್ಲ.

ಅಲ್ಲಿ ಸಿಗದಿದ್ದರೆ ದೂರದ ದಾಖಲೆಗಳಿಗೆ ಹೋಗಬೇಕು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಆಳುಗಳನ್ನು ಒಯ್ದ ಕಥೆಯನ್ನು ನೀವು ಕೇಳಿರಬಹುದು. 1834ರಿಂದ ಆರಂಭಿಸಿ ಮಾರಿಷಸ್ ದ್ವೀಪಕ್ಕೆ ಕಲ್ಕತ್ತಾ, ಮದ್ರಾಸು, ಮುಂಬಯಿ ಬಂದರುಗಳಿಂದ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಜನರು ಹೋದರು. ದಕ್ಷಿಣ ಆಫ್ರಿಕೆಯ ನಾತಾಲಿಗೆ 1860ರಿಂದ 1911ರ ವರೆಗೆ ಒಂದು ಲಕ್ಷ ಐವತ್ತೆರಡು ಸಾವಿರ ಜನರು ಹೋದರು. ಫಿಜಿ ದ್ವೀಪಗಳಿಗೆ 1879ರಿಂದ 1916ರ ವರೆಗೆ ಸುಮಾರು ಅರುವತ್ತು ಸಾವಿರ ಜನರು ಹೋದರು. ನಮ್ಮ ನೆರೆಯ ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಮುಂಡರಗಿ ಕಡೆಯವರು ನೆನಪಿಡಬೇಕು. ನೆಂಟರ ಮನೆಗೆಂದು ಹೊರಟವನು ಮದ್ರಾಸಿನ ಹಡಗನ್ನು ಹತ್ತಿರಬಹುದು. ಈ ಆಳುಗಳನ್ನು ದನಗಳಂತೆ ಸಾಗಿಸಿದವರು ಲೆಕ್ಕವನ್ನು ಮಾತ್ರ ಬಹಳ ಚೊಕ್ಕಟವಾಗಿ ಇಟ್ಟರು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು ಎಲ್ಲವನ್ನೂ ಬರೆದಿದ್ದಾರೆ. ಕ್ರೈಸ್ತರಿಗೆ ಜಾತಿಯ ಕಲಮಿನಲ್ಲಿ ಕ್ರೈಸ್ತರೆಂದೇ ಬರೆದಿರುವುದುಂಟು. ಮಾರಿಷಸ್ಸಿನ ಪುಸ್ತಕಗಳು ಮೋಕಾದ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ನಾತಾಲಿನ ಹಡಗುಪಟ್ಟಿಗಳನ್ನು ಈಗ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿಯೇ ನೋಡಬಹುದು.

ಇಂಥ ಪಟ್ಟಿಗಳಲ್ಲಿ ನಮ್ಮ ಊರುಗಳನ್ನು ಗುರುತಿಸುವುದು ಒಂದು ವಿದ್ಯೆಯೇ ಸರಿ. ಗದಗನ್ನು ಹಿಂದಿನ ಇಂಗ್ಲೀಷರು ‘ಗುಡ್ಡುಕ್’ ಎಂದೂ ಡಂಬಳವನ್ನು ‘ಡುಮ್ಮುಲ್’ ಎಂದೂ ಬರೆಯುತ್ತಿದ್ದರು. ಇದಲ್ಲದೆ, ಇಂದು ಒಂದೇ ಜಿಲ್ಲೆಯಾಗಿರುವ ನಮ್ಮ ಊರುಗಳು ಆಗ ಮೂರು ಆಡಳಿತಗಳಿಗೆ ಹಂಚಿಹೋಗಿದ್ದವು. ಗದಗ-ಬೆಟಗೇರಿ, ಮುಂಡರಗಿಗಳು ಇಂಗ್ಲೀಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ಗದಗ ಜಿಲ್ಲೆ ಆದದ್ದು 1997ರಲ್ಲಿ. ಆದ್ದರಿಂದ ಶಿರಹಟ್ಟಿಯವನ ಊರನ್ನು ಧಾರವಾಡದ ಕಲಮಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲಬಾರದು, ಸಾಂಗಲಿಯ ಹೆಸರಿನಲ್ಲಿಯೂ ನೋಡಬೇಕು. ಬೆಟಗೇರಿಯವರಿಗೆ ಇನ್ನೊಂದು ಮಾತು. ಅಲ್ಲಿ 1841ರಿಂದ ಬಾಸೆಲ್ ಮಿಶನ್ನಿನ ಕೇಂದ್ರವಿತ್ತು. ಆ ಸಭೆಯ ಹಳೆಯ ಬರಹಗಳನ್ನೂ ಭಾವಚಿತ್ರಗಳನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕಾಪಾಡಿ ಇಟ್ಟಿದ್ದಾರೆ. ಎರಡು ಸಭೆಗಳ ನಡುವೆ ನಂಟಸ್ತನವಿದ್ದ ಮನೆಗಳವರು ಸಂಕೋಚಪಡದೆ ಅಲ್ಲಿಯೂ ವಿಚಾರಿಸಬೇಕು.

ಸಮುದ್ರದಲ್ಲಿ ಸತ್ತವರ ಮಾತು ಬೇರೆ. 1884ರ ಮೇ 11ರಂದು ‘ಸಿರಿಯಾ’ ಎಂಬ ಹಡಗು ಫಿಜಿಯ ಹತ್ತಿರ ಹವಳದ ದಿಬ್ಬಕ್ಕೆ ಬಡಿದು 59 ಜನರು ಸತ್ತರು. 1942ರ ನವೆಂಬರ್ 23ರಂದು ಮುಂಬಯಿಯಿಂದ ಆಫ್ರಿಕೆಗೆ ಹೊರಟಿದ್ದ ‘ತಿಲಾವಾ’ ಹಡಗನ್ನು ಜಪಾನೀ ಜಲಾಂತರ್ಗಾಮಿ ಮುಳುಗಿಸಿತು. ಅದರಲ್ಲಿದ್ದ 958 ಜನರಲ್ಲಿ 280 ಜನರು ತೀರಿಕೊಂಡರು. 1947ರ ಜುಲೈ 17ರಂದು ಮುಂಬಯಿಯ ಸಮೀಪದಲ್ಲಿಯೇ ‘ರಾಮದಾಸ’ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಪ್ರಾಣಗಳು ಹೋದವು. ನಿಮ್ಮ ಮನೆಯಲ್ಲಿ “ಇಂಥ ವರ್ಷದ ಮಳೆಗಾಲದಲ್ಲಿ ಹೋದವರು” ಎಂಬ ಅಸ್ಪಷ್ಟವಾದ ನೆನಪೊಂದಿದ್ದರೂ ಅದನ್ನು ಇಂಥ ದಿನಾಂಕಗಳ ಜೊತೆ ಹಚ್ಚಿ ನೋಡಬಹುದು.

ಯುದ್ಧಕಾಲದಲ್ಲಿ ಮಡಿದ ಹಡಗಿನ ನೌಕರರ ಹೆಸರುಗಳು ಮುಂಬಯಿಯ ಮಸೀದಿ ಬಂದರಿನಲ್ಲಿರುವ ಭಾರತೀಯ ನಾವಿಕರ ಗೃಹದಲ್ಲಿವೆ. ಮೊದಲ ಮಹಾಯುದ್ಧದಲ್ಲಿ ಮಡಿದು ಸಮುದ್ರವನ್ನೇ ಸಮಾಧಿಯಾಗಿ ಪಡೆದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕ ಅಲ್ಲಿದೆ. ಎರಡನೆಯ ಯುದ್ಧದ ಆರು ಸಾವಿರಕ್ಕೂ ಮಿಕ್ಕ ಹೆಸರುಗಳ ಒಂದು ಗ್ರಂಥವೂ ಅಲ್ಲಿದೆ. ಅಂಥದೇ ಇನ್ನೊಂದು ಪ್ರತಿ ಚಿತ್ತಗಾಂಗಿನಲ್ಲಿದೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರು ಈ ಹೆಸರುಗಳನ್ನೆಲ್ಲ ಯಾರು ಬೇಕಾದರೂ ಹುಡುಕಿ ನೋಡುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಶಾಂತಿಕಾಲದಲ್ಲಿ ಹೋದವರಿಗಾದರೆ ಮುಂಬಯಿಯ ಧೋಬಿ ತಲಾವಿನ ಸುತ್ತ ಗೋವೆಯವರು ನಡೆಸುತ್ತ ಬಂದ ‘ಕೂಡ್’ಗಳನ್ನು ವಿಚಾರಿಸಬೇಕು. ಒಂದೊಂದು ಊರಿನ ನಾವಿಕರಿಗೆ ಒಂದೊಂದು ಕೂಡ್. ಹಡಗು ಸಿಗುವವರೆಗೆ ಅವರು ತಮ್ಮ ಪೆಟ್ಟಿಗೆಯನ್ನಿಟ್ಟುಕೊಂಡು ತಂಗುತ್ತಿದ್ದುದೂ ಸಂಜೆ ಕೂಡಿ ಜಪಸರ ಹೇಳುತ್ತಿದ್ದುದೂ ಅಲ್ಲಿಯೇ.

ಈ ದಾರಿಗಳಲ್ಲಿ ಅಲೆದು ನಮಗೆ ದೊರೆತದ್ದೇನು? ಯುದ್ಧದ ಪಟ್ಟಿಯಲ್ಲಿ ಮುತ್ತಜ್ಜನ ಹೆಸರಿಗೆ ಹೊಂದುವ ಇಬ್ಬರು ಸಿಕ್ಕರು. ಒಬ್ಬರ ತಂದೆಯ ಹೆಸರು ಹೊಂದಲಿಲ್ಲ. ಇನ್ನೊಬ್ಬರ ತಂದೆಯ ಹೆಸರನ್ನೇ ಬರೆದಿಲ್ಲ. ಇವರೇ ಅವರು ಎಂದು ಹೇಳಿಬಿಡುವ ಆಸೆ ನಮಗಾಯಿತು. ಆದರೆ ಮತ್ತೊಬ್ಬ ತಾಯಿಯ ಮಗನನ್ನು ನಮ್ಮವನೆಂದು ಕಸಿದುಕೊಳ್ಳುವ ಅಧಿಕಾರ ನಮಗಿಲ್ಲವೆಂದು ಸುಮ್ಮನಾದೆವು. ಕೊನೆಗೆ ಅವರು ಜ್ಞಾನಸ್ನಾನ ಪಡೆದ ಊರಿನ ಪುಸ್ತಕವನ್ನು ಅಲ್ಲಿನ ಗುರುಗಳು ಕೃಪೆಯಿಟ್ಟು ತೆರೆದು ತೋರಿಸಿದರು. ಲತೀನ ರೂಪದಲ್ಲಿ ಹೆಸರು ಇತ್ತು. ಅಂಚಿನಲ್ಲಿ ಒಂದೇ ಒಂದು ಬರಹವಿತ್ತು. ಅದು 1909ರಲ್ಲಿ ನಮ್ಮ ಮುತ್ತಜ್ಜಿಯೊಡನೆ ಆದ ಮದುವೆಯದು. ಅದರ ಕೆಳಗೆ ಏನೂ ಇರಲಿಲ್ಲ.

ಬರಿದಾದ ಅಂಚು ಪೂರ್ಣ ಸಾಕ್ಷಿಯಲ್ಲ ಎಂಬುದನ್ನು ನಾವು ಬಲ್ಲೆವು. ತಿಳಿಸಬೇಕಾದವರು ತಿಳಿಸದೆ ಹೋಗಿರಬಹುದು, ಪತ್ರ ದಾರಿಯಲ್ಲಿ ಕಳೆದಿರಬಹುದು. ಆದರೂ ಓಣಿಯ ಮಾತಿಗೆ ಆಧಾರವಾಗಿ ಒಂದು ಅಕ್ಷರವೂ ಇರಲಿಲ್ಲ. ಮುತ್ತಜ್ಜಿಯ ಹೆಸರೊಂದೇ ಆ ಸಾಲಿನ ಪಕ್ಕದಲ್ಲಿ ಉಳಿದಿತ್ತು. ಅವರು ಬದುಕಿದ್ದಾಗ ಯಾರಾದರೂ ಆ ಪುಟವನ್ನು ತೆರೆದು ಓದಿ ಹೇಳಿದ್ದರೆ ಆ ಜೀವಕ್ಕೆ ಎಷ್ಟು ಸಮಾಧಾನವಾಗುತ್ತಿತ್ತೋ! ಈ ವ್ಯಥೆಯೇ ನಮ್ಮನ್ನು ಇಂದು ಇಲ್ಲಿ ಮಾತಾಡಲು ನಿಲ್ಲಿಸಿದೆ.

ಉತ್ತರ ಸಿಗದ ಹೆಸರನ್ನು ಏನು ಮಾಡಬೇಕು? ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು. ಅದರ ಸ್ಥಾನದಲ್ಲಿ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ಹೇಳುತ್ತದೆ. ಧರ್ಮಸಭೆಯ ಕಾನೂನು ಇಷ್ಟು ಅವಸರ ಮಾಡುವುದಿಲ್ಲ. ಎಷ್ಟೇ ದೀರ್ಘವಾದರೂ ಬರಿಯ ಗೈರುಹಾಜರಿಯಿಂದ ಸಾವು ಸಿದ್ಧವಾಗದೆಂದೂ, ಸಾಕ್ಷಿಗಳನ್ನು ವಿಚಾರಿಸಿ ಮನಸ್ಸಿಗೆ ನಿಶ್ಚಯವಾದ ಮೇಲೆಯೇ ಧರ್ಮಾಧ್ಯಕ್ಷರು ಅದನ್ನು ಸಾರಬೇಕೆಂದೂ ಅದು ವಿಧಿಸುತ್ತದೆ. ಮುತ್ತಜ್ಜಿಗೆ ಕಾನೂನು ತಿಳಿಯದು. ಆದರೆ ಅವರ ಹಟ ಧರ್ಮಸಭೆಯ ಮನಸ್ಸಿಗೆ ವಿರುದ್ಧವಾಗಿರಲಿಲ್ಲ. ಅವರು ತಪ್ಪಿದ್ದು ಒಂದೇ ಕಡೆ ಎಂದು ನಾವು ವಿನಯದಿಂದ ಹೇಳುತ್ತೇವೆ. ಪ್ರಾರ್ಥನೆಗೆ ಮರಣದ ದಾಖಲೆ ಬೇಕಾಗಿಲ್ಲ. ಪೂಜೆಯನ್ನು ಜೀವಂತರಿಗಾಗಿಯೂ ಅರ್ಪಿಸಬಹುದು, ಮೃತರಿಗಾಗಿಯೂ ಅರ್ಪಿಸಬಹುದು. ಅವನು ಎಲ್ಲಿದ್ದಾನೆಂಬುದು ದೇವರಿಗೆ ಗೊತ್ತು, ನಾವು ತಿಳಿಸಬೇಕಾದ್ದಿಲ್ಲ. ಹುಡುಕುವ ಕೆಲಸ ಮುಗಿಯುವವರೆಗೂ ಪ್ರಾರ್ಥನೆಯನ್ನು ತಡೆಹಿಡಿಯಬಾರದು. ಪ್ರಾರ್ಥನೆ ಮಾಡಿದೆವೆಂದು ಹುಡುಕುವುದನ್ನು ಬಿಡಲೂಬಾರದು.

ಈ ಶತಮಾನೋತ್ಸವದ ನೆನಪಿಗೆ ನಮ್ಮದೊಂದು ಚಿಕ್ಕ ಬಿನ್ನಹ. ‘ಕಾಣದಾದವರ ಪುಸ್ತಕ’ ಎಂದು ಒಂದು ದಪ್ಪ ವಹಿಯನ್ನು ಧರ್ಮಕೇಂದ್ರದಲ್ಲಿ ಇಡೋಣ. ಪ್ರತಿಯೊಂದು ಮನೆಯವರೂ ತಮ್ಮ ಕಾಣದಾದ ಹಿರಿಯರ ಮನೆಯ ಹೆಸರು, ಜ್ಞಾನಸ್ನಾನದ ಹೆಸರು, ತಂದೆತಾಯಿಗಳ ಹೆಸರು, ಹುಟ್ಟೂರು, ಬಿಟ್ಟು ಹೋದ ವರ್ಷ, ಕಡೆಯ ಸುದ್ದಿ ಬಂದ ಊರು ಇವಿಷ್ಟನ್ನು ಬರೆಸಲಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಬರೆಯಬೇಕು. ಹಳೆಯ ಪತ್ರ, ಮನಿಆರ್ಡರಿನ ಚೂರು, ಹಡಗಿನ ಕೆಲಸದ ಸರ್ಟಿಫಿಕೇಟು, ಹಿಂಬದಿಯಲ್ಲಿ ಅಂಗಡಿಯ ಮೊಹರಿರುವ ಭಾವಚಿತ್ರ ಇವು ಪೆಟ್ಟಿಗೆಯ ತಳದಲ್ಲಿದ್ದರೆ ಗೆದ್ದಲು ಹಿಡಿಯುವ ಮುನ್ನ ಅವುಗಳ ಪ್ರತಿ ತೆಗೆಸಿಡಬೇಕು. ಧರ್ಮಕೇಂದ್ರದ ಪುಸ್ತಕಗಳಲ್ಲಿ ಅನ್ಯರ ಮನೆಯ ಗುಟ್ಟುಗಳೂ ಇರುತ್ತವೆ. ಗುರುಗಳ ಅಪ್ಪಣೆಯಿಂದ ನಮ್ಮದನ್ನಷ್ಟೇ ನೋಡಿ ಉಳಿದದ್ದನ್ನು ಮುಚ್ಚುವ ಮರ್ಯಾದೆ ನಮಗಿರಬೇಕು. ಎಲ್ಲಕ್ಕಿಂತ ಮೊದಲು ಮನೆಯಲ್ಲಿರುವ ಮುದುಕರ ಮುಂದೆ ಕುಳಿತು ಕೇಳಬೇಕು. ಪುಸ್ತಕಗಳು ಇನ್ನೂ ಕೆಲಕಾಲ ಕಾಯಬಹುದು, ಅವರು ಕಾಯಲಾರರು.

ನವೆಂಬರ್ 2 ನಮಗೆ ಸಕಲ ಮೃತರ ಸ್ಮರಣೆಯ ದಿನ. 1834ರಲ್ಲಿ ಅದೇ ದಿನ ‘ಅಟ್ಲಾಸ್’ ಎಂಬ ಹಡಗಿನಿಂದ ನಮ್ಮ ದೇಶದ ಕರಾರಿನ ಆಳುಗಳು ಮಾರಿಷಸ್ಸಿನ ದಡವನ್ನು ಮುಟ್ಟಿದ್ದರು. ಆ ನಾಡಿನವರು ಇಂದಿಗೂ ನವೆಂಬರ್ 2ನ್ನು ಬಂದವರ ಸ್ಮರಣೆಯ ದಿನವಾಗಿ ಆಚರಿಸುತ್ತಾರೆ. ಅಲ್ಲಿ ಬಂದವರೆಂದು ನೆನೆಸಿಕೊಳ್ಳುವವರು ಇಲ್ಲಿ ಯಾವುದೋ ಮನೆಯಿಂದ ಹೋದವರು. ಕಡೆಯ ದಿನ ಸಮುದ್ರವೂ ತನ್ನಲ್ಲಿರುವ ಮೃತರ ಲೆಕ್ಕವನ್ನು ಒಪ್ಪಿಸಬೇಕಾಗುವುದೆಂದು ಪ್ರಕಟನಾ ಗ್ರಂಥದಿಂದ ನಾವು ಕಲಿತಿದ್ದೇವೆ. ಅಲ್ಲಿಯವರೆಗೆ ನಮ್ಮ ಪಾಲಿನ ಲೆಕ್ಕವನ್ನು ನಾವು ಸರಿಯಾಗಿ ಇಟ್ಟುಕೊಂಡಿರೋಣ.

ಕಳೆದ ನವೆಂಬರಿನಲ್ಲಿ ನಾವು ಮುತ್ತಜ್ಜಿಯ ಸಮಾಧಿಯ ಮೇಲೆ ಎರಡು ಮೇಣಬತ್ತಿ ಹಚ್ಚಿದೆವು. ಗುರುಗಳು ಪೂಜೆಯಲ್ಲಿ ಇಬ್ಬರ ಹೆಸರನ್ನೂ ಓದಿದರು. ಹುಡುಕಾಟವಂತೂ ನಡೆದೇ ಇದೆ.